ಮಟ್ಟದ ಗೆರೆ, ಮಣ್ಣಿನ ಮಾತು

ಕೊಡೇಕಲ್ ಎಂದೊಡನೆ ನೆನಪಾಗುವುದು ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಕೊಡೇಕಲ್ ಬಸವಣ್ಣ. ಸುರಪುರ ಸೀಮೆಯ ಈ ಭಾಗಕ್ಕೆ ಕೂಡಿ ದುಡಿದವರ ಇನ್ನೊಂದು ಚರಿತ್ರೆಯೂ ಇದೆ. ಅದು ನೀರಿನದು.

ಸುರಪುರದ ಸಮೀಪದ ಬೋನಾಳ ಕೆರೆ ಹದಿನೇಳನೆಯ ಶತಮಾನದಲ್ಲಿ ಪಾಮನಾಯಕನ ಕಾಲದ್ದು. ಅಳತೆಯ ದುರ್ಬೀನು ಈ ಕಡೆ ಬರುವ ಮೊದಲೇ ನೆಲದ ಇಳಿಜಾರು ಬಲ್ಲವರು ಇಲ್ಲಿದ್ದರು. 1840ರ ದಶಕದಲ್ಲಿ ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಆ ಕೆರೆಯನ್ನು ಸುಧಾರಿಸಿದ. ಸರ್ವೆ, ಎಂಜಿನಿಯರಿಂಗ್ ಎಲ್ಲವನ್ನೂ ಆತ ಸ್ವಂತವಾಗಿ ಕಲಿತವನು. ಆದರೂ ಒಬ್ಬನ ವಿದ್ಯೆಯಿಂದ ಏರಿ ನಿಲ್ಲದು. ಒಡ್ಡರ ಗುದ್ದಲಿ, ಕಲ್ಲುಕುಟಿಗರ ಉಳಿ ಬೇಕೇ ಬೇಕು.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಕೊಡೇಕಲ್ಲಿಗೆ ಹತ್ತಿರದ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಬರಡು ಹೊಲಗಳಿಗೆ ನೀರು ತಂದಿತು.

ದೊಡ್ಡ ಕಾಲುವೆಗೆ ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟೇ ಇಳಿಜಾರು ಇರುತ್ತದೆ. ಸರ್ವೆಯವನ ಲೆಕ್ಕ ಒಂದು ಗೇಣು ತಪ್ಪಿದರೆ ನೀರು ನಿಲ್ಲುತ್ತದೆ, ಇಲ್ಲವೇ ದಂಡೆ ಕೊರೆಯುತ್ತದೆ. ಗೆರೆ ಸರಿಯಿದ್ದರೂ ಸಾಲದು. ಈ ಭಾಗದ ಎರೆಮಣ್ಣು ನೆಂದಾಗ ಉಬ್ಬಿ, ಒಣಗಿದಾಗ ಬಿರಿದು ಕಲ್ಲಿನ ಹಾಸನ್ನೇ ಒಡೆಯುತ್ತದೆ. ಹಾಸಿನ ಕೆಳಗೆ ಉಬ್ಬದ ಮಣ್ಣಿನ ಪದರ ಹಾಕಬೇಕೆಂದು ಹೇಳಬೇಕಾದವನು ಮಣ್ಣಿನ ತಜ್ಞ. ಅದನ್ನು ಹದವಾಗಿ ಕುಟ್ಟಿ ಕೂರಿಸುವವನು ಕೂಲಿಯವನು. ಒಬ್ಬನ ಮಾತನ್ನು ಇನ್ನೊಬ್ಬ ಕೇಳದಿದ್ದರೆ ಕೋಟಿಗಟ್ಟಲೆ ಹಣ ಮಣ್ಣುಪಾಲು.

ಆದರೆ ಈ ಕೂಟದಲ್ಲಿ ಒಬ್ಬನಿಗೆ ಜಾಗ ಸಿಗಲಿಲ್ಲ. ಆತ ರೈತ. ಸರ್ವೆಯ ಸರಪಳಿ ಅವನ ಹೊಲ ಅಳೆಯಿತು, ಮುಳುಗುವ ಮನೆಗಳನ್ನು ಎಣಿಸಿತು. ನೀರು ಎಲ್ಲಿ ಬಸಿಯುತ್ತದೆ, ಎಲ್ಲಿ ಜವುಳಾಗುತ್ತದೆ ಎಂದು ಅವನನ್ನು ಕೇಳಿದ್ದು ಕಡಿಮೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ತುಂಬಿ ನಿಂತವು, ಕಾಲುವೆಯ ಕೊನೆಯ ರೈತ ನೀರಿಗಾಗಿ ಧರಣಿ ಕೂರಬೇಕಾಯಿತು. ಮೇಲೆ ನೀರು ಹೆಚ್ಚಾಗಿ ನೆಲ ಸವುಳಾದರೆ, ಕೆಳಗೆ ನೀರಿಲ್ಲದೆ ಬಾಯಿ ಬಿಟ್ಟಿತು.

ನಕ್ಷೆ ನೆಲದ ಎತ್ತರವನ್ನು ಹೇಳಬಲ್ಲದು. ಆ ನೆಲದ ಸ್ವಭಾವವನ್ನು ಹೇಳುವವನು ಅದರ ಮೇಲೆ ಬದುಕಿದವನು. ಇವರಿಬ್ಬರೂ ಒಂದೇ ಜಮಖಾನದ ಮೇಲೆ ಕೂತು ಮಾತಾಡುವ ತನಕ ಯಾವ ಕಟ್ಟಡವೂ ಪೂರ್ತಿಯಾಗದು.