ಸಾಗರದ ಮೇಲ್ಮೈ ತಾಪಮಾನ ಮತ್ತು ಮುಂಗಾರು ಮುನ್ಸೂಚನೆ

ಸಾಗರದ ಮೇಲ್ಪದರದ ನೀರಿನ ಉಷ್ಣತೆಯನ್ನು ಅಳೆದು, ಮುಂದಿನ ಕೆಲವು ತಿಂಗಳಲ್ಲಿ ಒಂದು ಪ್ರದೇಶದ ಮಳೆ ಹೆಚ್ಚೋ ಕಡಿಮೆಯೋ ಎಂದು ಅಂದಾಜು ಮಾಡುವ ಕ್ರಮ ಇಂದು ಹವಾಮಾನಶಾಸ್ತ್ರದಲ್ಲಿ ಬೇರೂರಿದೆ. ಭಾರತದ ಮುಂಗಾರು ಇದರ ಅತಿ ಮುಖ್ಯ ನಿದರ್ಶನ. ಈ ಕ್ರಮದ ಬಲ ಮತ್ತು ಮಿತಿ ಎರಡೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ವಾತಾವರಣದ ದಿನದಿನದ ಸ್ಥಿತಿಯನ್ನು ಸುಮಾರು ಎರಡು ವಾರಗಳಾಚೆಗೆ ಹೇಳಲಾಗದು. ಕಡಲು ಹಾಗಲ್ಲ. ಅದರ ಮೇಲಿನ ಸುಮಾರು ಮೂರು ಮೀಟರ್ ನೀರು ಇಡೀ ವಾತಾವರಣದಷ್ಟೇ ಶಾಖ ಹಿಡಿಯಬಲ್ಲದು. ಹೀಗಾಗಿ ಒಮ್ಮೆ ಕಾದ ಸಮುದ್ರ ತಿಂಗಳುಗಟ್ಟಲೆ ಬಿಸಿಯಾಗಿಯೇ ಉಳಿದು, ಮೇಲಿನ ಗಾಳಿಯನ್ನು ಒಂದೇ ದಿಕ್ಕಿಗೆ ಒತ್ತುತ್ತಿರುತ್ತದೆ. ಉಷ್ಣವಲಯದ ಋತುಮಾನವನ್ನು ಮುಂಚಿತವಾಗಿ ಹೇಳಲು ಸಾಧ್ಯವಾಗುವುದು ಇಂಥ ನಿಧಾನಗತಿಯ ಅಂಶಗಳಿಂದಲೇ ಎಂದು ಜೂಲ್ ಚಾರ್ನಿ ಮತ್ತು ಜಗದೀಶ್ ಶುಕ್ಲಾ 1981ರಲ್ಲಿ ವಾದಿಸಿದರು. ಬಿಸಿ ಎಷ್ಟಿರಬೇಕೆಂಬುದಕ್ಕೂ ಒಂದು ಗಡಿಯಿದೆ. ನೀರು ಸುಮಾರು 28 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ದೊಡ್ಡ ಮೋಡರಾಶಿಗಳು ಕಟ್ಟುವುದು ವಿರಳ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದರು. ಗಡಿ ದಾಟಿದ ಮಾತ್ರಕ್ಕೆ ಮಳೆ ಖಚಿತವೆಂದೇನಲ್ಲ.

ಮುನ್ಸೂಚನೆಯ ಹುಡುಕಾಟ ಮಾತ್ರ ಕಡಲಿನಿಂದ ಶುರುವಾಗಲಿಲ್ಲ. 1877ರ ಬರದ ನಂತರ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಹಿಮವನ್ನು ನೋಡಿ ಮುಂಗಾರನ್ನು ಅಳೆಯಲೆತ್ನಿಸಿದರು. 1904ರಲ್ಲಿ ಭಾರತದ ವೀಕ್ಷಣಾಲಯಗಳ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಸಾಗರದ ಎರಡು ಬದಿಗಳ ವಾಯುಭಾರ ಒಂದು ಏರಿದಾಗ ಇನ್ನೊಂದು ಇಳಿಯುವುದನ್ನು ಗುರುತಿಸಿ, ಅದನ್ನು ದಕ್ಷಿಣ ಆಂದೋಲನವೆಂದು ಕರೆದರು. ಕಾರಣ ಅವರಿಗೆ ಹೊಳೆಯಲಿಲ್ಲ. ಪೆರು ಕರಾವಳಿಯ ಬೆಸ್ತರು ಎಲ್ ನಿನೊ ಎಂದು ಕರೆಯುತ್ತಿದ್ದ ಬಿಸಿನೀರಿಗೂ ಈ ಆಂದೋಲನಕ್ಕೂ ಇರುವ ನಂಟನ್ನು 1969ರಲ್ಲಿ ಬಿಡಿಸಿಟ್ಟವರು ಜೇಕಬ್ ಬಿಯರ್ಕ್ನೆಸ್.

ಸಾಮಾನ್ಯ ವರ್ಷಗಳಲ್ಲಿ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ದೂಡಿಡುತ್ತವೆ. ಮಾರುತಗಳು ಸೊರಗಿದರೆ ಆ ನೀರು ಪೂರ್ವಕ್ಕೆ ಹರಡಿ, ಗಾಳಿ ಮೇಲೇರಿ ಮಳೆ ಸುರಿಸುವ ನೆಲೆಯೂ ಅದರೊಂದಿಗೆ ಸರಿಯುತ್ತದೆ. ಆಗ ಭಾರತ ಮತ್ತು ಇಂಡೋನೇಷ್ಯಾದ ಮೇಲೆ ಗಾಳಿ ಕೆಳಗಿಳಿಯುವ ಪ್ರವೃತ್ತಿ ಹೆಚ್ಚಿ ಮೋಡ ಬೆಳೆಯದು. ನಡು ಪೆಸಿಫಿಕ್‌ನ ನಿನೊ 3.4 ವಲಯ ವಾಡಿಕೆಗಿಂತ ಅರ್ಧ ಡಿಗ್ರಿ ಬಿಸಿಯಾಗಿ ಹಾಗೆಯೇ ಉಳಿದರೆ ಅದು ಎಲ್ ನಿನೊ, ಅಷ್ಟೇ ತಣ್ಣಗಾದರೆ ಲಾ ನಿನಾ.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೊಗಳಲ್ಲೊಂದು ಬಂದರೂ ದೇಶಕ್ಕೆ ಸರಾಸರಿಯ 102 ಶೇಕಡಾ ಮಳೆಯಾಯಿತು. 2002ರಲ್ಲಿ ಎಲ್ ನಿನೊ ಅಷ್ಟು ಬಲವಾಗಿರಲಿಲ್ಲ, ವಾಡಿಕೆಯ ಮಳೆಯೆಂಬ ಮುನ್ಸೂಚನೆಯೂ ಇತ್ತು. ಆದರೂ 19 ಶೇಕಡಾ ಕೊರತೆ ಬಿತ್ತು. ಈ ಒಗಟಿನ ಒಂದು ತುದಿ ನಮ್ಮದೇ ಸಾಗರದಲ್ಲಿದೆ. 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಯಮಗಾಟಾ ಹಿಂದೂ ಮಹಾಸಾಗರದ ದ್ವಿಧ್ರುವವನ್ನು ವಿವರಿಸಿದರು: ಆಫ್ರಿಕಾ ಕಡೆಯ ನೀರು ಬೆಚ್ಚಗಾಗಿ, ಸುಮಾತ್ರಾ ಕಡೆಯದು ತಂಪಾದರೆ ಅದು ಧನಾತ್ಮಕ ಸ್ಥಿತಿ. ಈ ಸಾಗರದ ಸಮಭಾಜಕ ವಲಯದಲ್ಲಿ ಮೋಡಗಳು ಪಶ್ಚಿಮಕ್ಕೆ ವಾಲುವುದು ಮುಂಗಾರಿಗೆ ಅನುಕೂಲವೆಂದು ಗಾಡ್ಗೀಳ್ ಅವರ ತಂಡವೂ ತೋರಿಸಿತು. 1997ರಲ್ಲಿ ಇಂಥ ಬೆಂಬಲವಿತ್ತು, 2002ರಲ್ಲಿ ಇರಲಿಲ್ಲ. 2019ರಲ್ಲಿ ಜೂನ್ ತೀರಾ ಒಣಗಿದ್ದರೂ ಪ್ರಬಲ ಧನಾತ್ಮಕ ದ್ವಿಧ್ರುವದ ಜೊತೆಗೆ ಒಟ್ಟು ಮಳೆ 110 ಶೇಕಡಾ ಮುಟ್ಟಿತು. ಹಾಗೆಂದು ದ್ವಿಧ್ರುವವನ್ನು ರಕ್ಷಕನೆಂದು ನಂಬುವಂತಿಲ್ಲ. 2023ರಲ್ಲಿ ಅದು ಧನಾತ್ಮಕವಾಗಿಯೇ ಇತ್ತು. ಆದರೂ ಆ ಆಗಸ್ಟ್ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು, ಕರ್ನಾಟಕ ತನ್ನ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು.

ಹಿಂದೆ ಹಡಗಿನಿಂದ ಬಕೆಟ್ ಇಳಿಸಿ ನೀರೆತ್ತಿ ತಾಪಮಾನ ಅಳೆಯುತ್ತಿದ್ದರು. ಈಗ ಉಪಗ್ರಹಗಳು, ಲಂಗರು ಹಾಕಿದ ತೇಲುಬುರುಡೆಗಳು ಮತ್ತು 2,000 ಮೀಟರ್ ಆಳದವರೆಗೆ ಇಳಿದೇಳುವ ಆರ್ಗೋ ಉಪಕರಣಗಳು ಆ ಕೆಲಸ ಮಾಡುತ್ತವೆ. ಹಿಂದೂ ಮಹಾಸಾಗರದ ಮಾಹಿತಿ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರಕ್ಕೆ ಸೇರುತ್ತದೆ.

ಭಾರತೀಯ ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮೊದಲ ಅಂದಾಜನ್ನೂ ಮೇ ಕೊನೆಯ ಹೊತ್ತಿಗೆ ಪರಿಷ್ಕೃತ ಅಂದಾಜನ್ನೂ ನೀಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ಸರಾಸರಿ 87 ಸೆಂ.ಮೀ.; ಅದರ 96ರಿಂದ 104 ಶೇಕಡಾ ಬಂದರೆ ವಾಡಿಕೆ. ಪೆಸಿಫಿಕ್‌ನ ಸ್ಥಿತಿ ಮಾರ್ಚ್‌ನಿಂದ ಮೇವರೆಗೆ ಅಸ್ಥಿರವಾಗಿದ್ದು, ಆಗ ಮಾದರಿಗಳು ಎಡವುವುದೇ ಹೆಚ್ಚು. ಪ್ರದೇಶ ಕಿರಿದಾದಷ್ಟೂ ಕಡಲಿನ ಸುಳಿವು ಮಸುಕಾಗುತ್ತದೆ. ಕರಾವಳಿಯಲ್ಲಿ ಘಟ್ಟಕ್ಕೆ ಬಡಿಯುವ ಗಾಳಿ ಕೊರತೆಯ ವರ್ಷದಲ್ಲೂ 2,000 ಮಿ.ಮೀ. ಮೀರಿ ಸುರಿಸುವುದುಂಟು, ಅದೇ ವರ್ಷ ಘಟ್ಟದ ಮರೆಯ ಬಯಲುಸೀಮೆ ಬಾಯಾರುತ್ತದೆ. ಹಿಂಗಾರಿನ ಲೆಕ್ಕವೇ ಬೇರೆ: ಎಲ್ ನಿನೊ ವರ್ಷಗಳಲ್ಲಿ ತಮಿಳುನಾಡು ಮತ್ತು ದಕ್ಷಿಣ ಒಳನಾಡಿನಲ್ಲಿ ಅದು ಹೆಚ್ಚುವ ಒಲವು ತೋರುತ್ತದೆ. ಆದ್ದರಿಂದ ಏಪ್ರಿಲ್‌ನ ಅಂಕಿಗಿಂತ ಮೇ ಕೊನೆಯ ಅಂಕಿಯನ್ನು ನೆಚ್ಚುವುದು ಮೇಲು; ಆರಿದ್ರಾ ಮಳೆಗೆ ಬಿತ್ತನೆ ಮಾಡಬೇಕೋ ಕಾಯಬೇಕೋ ಎಂಬುದಕ್ಕೆ ಮಾತ್ರ ವಾರದ ಮುನ್ಸೂಚನೆಯನ್ನೇ ನೋಡಬೇಕು.