ಅಂಚೆಚೀಟಿಗಳಲ್ಲಿ ಶ್ವಾನತಳಿಗಳು: ಒಂದು ಐತಿಹಾಸಿಕ ವಿವೇಚನೆ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ನೆನಪಿಗೆ ಬರುತ್ತವೆ. ಅಂಚೆಚೀಟಿಯನ್ನು ಸಂಗ್ರಾಹಕರ ವಿನೋದದ ವಸ್ತುವೆಂದು ಬದಿಗಿರಿಸುವುದು ವಾಡಿಕೆ. ಆದರೆ ನಾಣ್ಯದಂತೆ ಅದೂ ಪ್ರಭುತ್ವದ ಅಪ್ಪಣೆಯಿಂದ ಹೊರಡುವಂಥದು; ಅದರ ಮೇಲೆ ಯಾವ ಚಿತ್ರವಿರಬೇಕೆಂಬುದು ಸರ್ಕಾರದ ನಿರ್ಣಯ. ಅರಸರ ಮುಖಗಳಿಗೆ ಮೀಸಲಾಗಿದ್ದ ಎಡೆಗೆ ನಾಯಿಯ ಮುಖ ಬಂದುದೇಕೆ, ಆ ಮನ್ನಣೆಯಿಂದ ನಾಯಿಗಾದ ಪ್ರಯೋಜನವೇನು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ನಾಯಿಯನ್ನೇ ಮುಖ್ಯ ವಿಷಯವಾಗಿ ಉಳ್ಳ ಮೊದಲ ಅಂಚೆಚೀಟಿಯೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು ನ್ಯೂಫೌಂಡ್‌ಲೆಂಡ್ 1887ರಲ್ಲಿ ಹೊರಡಿಸಿದ ಅರ್ಧ ಸೆಂಟಿನ ಚೀಟಿ. ಆಗ ಆ ದ್ವೀಪವು ಬ್ರಿಟಿಷರ ವಸಾಹತು. ಕೆನಡಾದೊಡನೆ ಅದು ಸೇರಿದುದು 1949ರಲ್ಲಿ. ಅಲ್ಲಿನ ಜನರಿಗೆ ಮೀನುಗಾರಿಕೆಯೂ ಸೀಲ್ ಬೇಟೆಯೂ ಜೀವನಾಧಾರ. ಆದುದರಿಂದ 1860ರ ದಶಕದಲ್ಲಿಯೇ ಕಾಡ್ ಮೀನು ಮತ್ತು ಸೀಲ್ ಪ್ರಾಣಿ ಅಲ್ಲಿನ ಚೀಟಿಗಳ ಮೇಲೆ ಸ್ಥಾನ ಪಡೆದಿದ್ದುವು. ಬಲೆಯೆಳೆಯಲು, ಸೌದೆಯ ಬಂಡಿ ಎಳೆಯಲು ನೆರವಾಗುತ್ತಿದ್ದ ನಾಯಿಯು ಬಳಿಕ ಅದೇ ಸಾಲಿಗೆ ಸೇರಿತು. ಇದು ಮುದ್ದಿನ ಪ್ರಾಣಿಯೊಂದರ ಚಿತ್ರವೆನ್ನುವುದಕ್ಕಿಂತ ನಾಡಿನ ಸಂಪತ್ತಿನ ಪಟ್ಟಿಯಲ್ಲಿನ ಒಂದು ನಮೂದೆನ್ನುವುದು ಯುಕ್ತ.

ಆದರೆ ಇದೇ ದ್ವೀಪದಲ್ಲಿ, ಕುರಿಸಾಕಣೆಯನ್ನು ಬೆಳೆಸುವ ಸಲುವಾಗಿ, 19ನೆಯ ಶತಮಾನದಲ್ಲಿ ನಾಯಿಸಾಕಣೆಯ ಮೇಲೆ ನಿರ್ಬಂಧಗಳೂ ತೆರಿಗೆಗಳೂ ಬಿದ್ದವು. ಬೆಸ್ತರ ಸಂಗಾತಿಯಾಗಿದ್ದ ಸೇಂಟ್ ಜಾನ್ಸ್ ನೀರುನಾಯಿ ಎಂಬ ಇನ್ನೊಂದು ತಳಿಯು ಕ್ರಮೇಣ ಕ್ಷೀಣಿಸಿ 1980ರ ದಶಕದಲ್ಲಿ ಅಳಿದುಹೋಯಿತು. ಇಂದು ಲೋಕಪ್ರಸಿದ್ಧವಾದ ಲ್ಯಾಬ್ರಡಾರ್ ತಳಿಗೆ ಮೂಲವಾದುದು ಇದೇ ನಾಯಿ. ಒಂದು ಕೈಯಿಂದ ನಾಯಿಯನ್ನು ನಾಡಿನ ಲಾಂಛನವಾಗಿಸಿದ ಪ್ರಭುತ್ವವು ಇನ್ನೊಂದು ಕೈಯಿಂದ ಅದನ್ನು ಸಾಕುವವನಿಗೆ ಹೊರೆ ಹೊರಿಸುತ್ತಿತ್ತು.

ಜಪಾನಿನ ನಿದರ್ಶನ ಇದಕ್ಕೆ ಭಿನ್ನವಾದುದು. ಅಲ್ಲಿ ಅಕಿಟಾ ನಾಯಿಯನ್ನು 1931ರಲ್ಲಿ ನೈಸರ್ಗಿಕ ಸ್ಮಾರಕವೆಂದು ಘೋಷಿಸಲಾಯಿತು. ಎರಡನೆಯ ಮಹಾಯುದ್ಧದ ಅನ್ನಾಭಾವದಲ್ಲಿ ಈ ತಳಿ ಬಹುಮಟ್ಟಿಗೆ ನಶಿಸಿ, ಉಳಿದ ಕೆಲವೇ ನಾಯಿಗಳಿಂದ ಪುನಃ ವೃದ್ಧಿಗೊಂಡಿತು. 1953ರಲ್ಲಿ ಎರಡು ಯೆನ್ನಿನ ನಿತ್ಯಬಳಕೆಯ ಚೀಟಿಯ ಮೇಲೆ ಅದರ ಚಿತ್ರ ಮೂಡಿತು. ಇಲ್ಲಿ ರಕ್ಷಣೆ ಮೊದಲು, ಮನ್ನಣೆ ಅನಂತರ ಎಂಬ ಕ್ರಮವನ್ನು ಕಾಣುತ್ತೇವೆ.

ಶತಮಾನದ ಉತ್ತರಾರ್ಧದಲ್ಲಿ ಶ್ವಾನಸಂಘಗಳ ಪ್ರಭಾವವೂ ಚೀಟಿಗಳಲ್ಲಿ ತೋರಿಬಂದಿತು. 1884ರಲ್ಲಿ ಸ್ಥಾಪಿತವಾದ ಅಮೆರಿಕನ್ ಕೆನಲ್ ಕ್ಲಬ್ಬಿನ ಶತಮಾನೋತ್ಸವಕ್ಕೆಂದು ಅಮೆರಿಕ ಸಂಯುಕ್ತ ಸಂಸ್ಥಾನವು 1984ರಲ್ಲಿ ಎಂಟು ತಳಿಗಳನ್ನು ನಾಲ್ಕು ಚೀಟಿಗಳಲ್ಲಿ ಪ್ರಕಟಿಸಿತು. ಕೆನಡಾದ ಕ್ಲಬ್ಬಿನ ಶತಮಾನೋತ್ಸವದ ವರ್ಷವಾದ 1988ರಲ್ಲಿ ಆ ದೇಶವೂ ನಾಲ್ಕು ಸ್ವದೇಶೀ ತಳಿಗಳ ಚೀಟಿಗಳನ್ನು ಹೊರಡಿಸಿತು. ಅವುಗಳಲ್ಲೊಂದು ಟಾಲ್ಟನ್ ಜನರು ಕರಡಿಯ ಬೇಟೆಗೆ ಸಾಕುತ್ತಿದ್ದ ಪುಟ್ಟ ನಾಯಿ. ಕ್ಲಬ್ಬು ಅದನ್ನು 1940ರಲ್ಲಿಯೇ ಅಂಗೀಕರಿಸಿತ್ತು. ಆದರೆ ಚೀಟಿ ಹೊರಟ ವೇಳೆಗೆ ತಳಿಯೇ ಬಹುಮಟ್ಟಿಗೆ ಇಲ್ಲವಾಗಿತ್ತು. ಸ್ವದೇಶದ ಹೆಮ್ಮೆಯೆಂದು ಹೊರಟ ಚೀಟಿ ಹೀಗೆ ಮೃತಸ್ಮಾರಕವಾಯಿತು.

ಭಾರತದ ಅಂಚೆ ಇಲಾಖೆಯು 2005ರಲ್ಲಿ ಹಿಮಾಲಯದ ಕುರಿಗಾವಲು ನಾಯಿ, ರಾಂಪುರದ ಬೇಟೆನಾಯಿ, ರಾಜಪಾಳಯಂ ನಾಯಿ ಮತ್ತು ಮುಧೋಳದ ಬೇಟೆನಾಯಿ ಎಂಬ ನಾಲ್ಕು ತಳಿಗಳಿಗೆ ಈ ಮನ್ನಣೆಯನ್ನಿತ್ತಿತು. ಇವುಗಳಲ್ಲಿ ಕಡೆಯದು ನಮ್ಮ ಬಾಗಲಕೋಟೆ ಜಿಲ್ಲೆಯದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದುದು. ಈ ನಾಯಿಯನ್ನು ಭಾರತದ ಕೆನಲ್ ಕ್ಲಬ್ಬು ಕ್ಯಾರವಾನ್ ಹೌಂಡ್ ಎಂಬ ಹೆಸರಿನಿಂದ ದಾಖಲಿಸುತ್ತದೆ. ಚೀಟಿಯಾದರೋ ಊರಿನ ಹೆಸರನ್ನೇ ಎತ್ತಿಹಿಡಿಯಿತು. ಒಂದು ತಳಿ ಯಾರದು ಎಂಬ ವಿವಾದದಲ್ಲಿ ಇಂತಹ ಸರ್ಕಾರಿ ಸಾಕ್ಷ್ಯದ ಬೆಲೆ ಅಲ್ಪವಲ್ಲ. 2010ರ ಹೊತ್ತಿಗೆ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಶ್ವಾನ ಸಂಶೋಧನ ಮತ್ತು ಮಾಹಿತಿ ಕೇಂದ್ರವೂ ಏರ್ಪಟ್ಟಿತು. ಚೀಟಿಯಿಂದಲೇ ಕೇಂದ್ರ ಬಂದಿತೆಂದು ನಾವು ಹೇಳುವುದಿಲ್ಲ. ಆದರೆ ತಳಿಯ ಉಳಿವಿಗೆ ಆಧಾರವಾಗತಕ್ಕದ್ದು ಕೇಂದ್ರವೇ ಹೊರತು ಚೀಟಿಯಲ್ಲ.

ಮೇಲ್ಕಂಡ ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರಭುತ್ವವು ತನ್ನದೆಂದು ಲೋಕಕ್ಕೆ ಏನನ್ನು ತೋರಿಸಲಿಚ್ಛಿಸಿತು ಎಂಬುದಕ್ಕೆ ಅಂಚೆಚೀಟಿ ಪ್ರಬಲ ಸಾಕ್ಷಿ. ತೋರಿಸಿದ ವಸ್ತುವಿನ ನಿಜಸ್ಥಿತಿಗೆ ಅದು ಸಾಕ್ಷಿಯಲ್ಲ. ಈ ಎರಡನ್ನು ಬೆರೆಸಿದರೆ, ಅಳಿದುಹೋದ ನಾಯಿಯನ್ನು ಸುಖವಾಗಿದೆಯೆಂದು ಬರೆಯುವ ಪ್ರಮಾದ ಒದಗುತ್ತದೆ. ಆದಕಾರಣ ವಿದ್ಯಾರ್ಥಿಗಳು ಚೀಟಿಯನ್ನು ಓದುವಾಗ ಅದರ ಪಕ್ಕದಲ್ಲಿ ಆ ಕಾಲದ ಕಾನೂನನ್ನೂ ತೆರಿಗೆಯ ಲೆಕ್ಕವನ್ನೂ ನಾಯಿ ಸಾಕಿದವರ ಮಾತನ್ನೂ ಇಟ್ಟುಕೊಂಡು ಓದುವುದು ಅವಶ್ಯವೆಂಬುದು ನಮ್ಮ ಅಭಿಪ್ರಾಯ.