ವಿಶ್ರಾಮಬಾಗ್ ವಾಡೆ: ಉಳಿದ ಮನೆ, ಉಳಿಯದ ಮನೆ

ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವರಿಗೆ ‘ವಾಡಾ’ ಎಂಬ ಮರಾಠಿ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದೇಸಾಯರ ವಾಡೆ, ದೇಶಪಾಂಡೆಯವರ ವಾಡೆ, ಗೌಡರ ವಾಡೆ ಎಂದು ನಮ್ಮ ಊರುಗಳಲ್ಲಿಯೂ ಆ ಮಾತು ತಲೆಮಾರುಗಳಿಂದ ಬಳಕೆಯಲ್ಲಿದೆ. ವಿಮಾನ ನಗರದ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಾವು ಕೆಲವರು ಈಚೆಗೊಂದು ಬೆಳಿಗ್ಗೆ ಹಳೆಯ ಪೇಟೆಗೆ ಹೋಗಿ, ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಯನ್ನು ನೋಡಿಬಂದೆವು. ಪುಣೆ ಮಹಾನಗರಪಾಲಿಕೆಯ ವಶದಲ್ಲಿರುವ ಈ ಸಂರಕ್ಷಿತ ಕಟ್ಟಡದ ಚರಿತ್ರೆಯು ಕನ್ನಡ ನಾಡಿನ ಚರಿತ್ರೆಯೊಡನೆ ನಾವು ಎಣಿಸಿದ್ದಕ್ಕಿಂತ ಹತ್ತಿರದಿಂದ ಹೆಣೆದುಕೊಂಡಿದೆ.

ಈ ವಾಡೆಯನ್ನು ಕಟ್ಟಿಸಿದವನು ಕೊನೆಯ ಪೇಶ್ವೆ ಎರಡನೆಯ ಬಾಜೀರಾವ. 1802ರ ಕೊನೆಯ ದಿನ ವಸಯಿಯಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು, ಅವರ ಸೈನ್ಯದ ಆಸರೆಯಲ್ಲಿ ಪುಣೆಯ ಗದ್ದುಗೆಗೆ ಮರಳಿದವನು ಅವನು. ಪೂರ್ವಿಕರ ಶನಿವಾರವಾಡೆ ಇದ್ದರೂ ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. 1773ರಲ್ಲಿ ನಾರಾಯಣರಾವ್ ಪೇಶ್ವೆಯ ಕೊಲೆ ನಡೆದ ಮನೆ ಅದು ಎಂಬುದೇ ಇದಕ್ಕೆ ಕಾರಣವೆಂದು ಜನ ಹೇಳುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಶ್ರಾಮಬಾಗ್ ಎದ್ದು ನಿಂತಿತು. ಶನಿವಾರವಾಡೆಗಿರುವಂತೆ ಇದಕ್ಕೆ ಕೋಟೆಯ ಗೋಡೆಯಿಲ್ಲ, ಬುರುಜುಗಳಿಲ್ಲ. ಕಾದಾಡುವ ಹೊಣೆಯನ್ನು ಪರರಿಗೆ ಒಪ್ಪಿಸಿದ ದೊರೆಯ ಮನೆ ಬೀದಿಗೆ ಮುಖಮಾಡಿ ನಿಂತಿದೆ.

ಆ ಮುಖವೇ ವಾಡೆಯ ಸೊಬಗು. ಬಾಗಿಲ ಮೇಲ್ಗಡೆ ಬೀದಿಯತ್ತ ಚಾಚಿಕೊಂಡಿರುವ ಮರದ ಮೊಗಸಾಲೆಯನ್ನು ಕೆತ್ತನೆಯ ಕಂಬಗಳು ಹೊತ್ತಿವೆ. ಒಳಹೊಕ್ಕರೆ ಒಂದರ ಹಿಂದೊಂದು ತೆರೆದ ಅಂಗಳಗಳು, ಸುತ್ತಲೂ ಪಡಸಾಲೆ, ಅದರಾಚೆ ಕೋಣೆಗಳು, ಮೇಲೆ ಮಹಡಿ. ಸಾಗುವಾನಿಯ ಕಂಬಗಳು ಬುಡದಲ್ಲಿ ಎಸಳುಗಳಂತೆ ಉಬ್ಬಿ, ಮೇಲೇರುತ್ತ ಸಪೂರವಾಗುತ್ತವೆ. ಇದು ಮೊಗಲರ ಕಟ್ಟಡಗಳಿಂದ ದಖ್ಖನಿಗೆ ಇಳಿದುಬಂದ ಸುರು ಮರದ ಆಕಾರ. ಕಂಬದ ನೆತ್ತಿಯ ಬೋದಿಗೆಗಳಲ್ಲಿ ಬಾಳೆಹೂವು ತೂಗುತ್ತದೆ. ಅಂಗಳದಲ್ಲಿ ನಿಂತಾಗ ನಮ್ಮಲ್ಲಿ ಮಲೆನಾಡಿನವರಿಗೆ ತೊಟ್ಟಿಮನೆಯೂ ಬಯಲುಸೀಮೆಯವರಿಗೆ ತಮ್ಮೂರಿನ ವಾಡೆಯೂ ನೆನಪಾದವು. ಬೆಳಕು ಮತ್ತು ಗಾಳಿಯನ್ನು ಮನೆಯ ನಡುವಿಗೇ ಇಳಿಸಿಕೊಳ್ಳುವ ಉಪಾಯವು ಈ ಮೂರಕ್ಕೂ ಸಮಾನ.

ಈ ವಾಡೆ ಪೇಶ್ವೆಗೆ ಬಹುಕಾಲ ದಕ್ಕಲಿಲ್ಲ. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧದಲ್ಲಿ ಸೋತು ಪುಣೆಯನ್ನು ತೊರೆದ ಅವನು, ಮರುವರ್ಷ ಇಂಗ್ಲಿಷರಿಗೆ ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿಯ ವಿಶ್ರಾಂತಿವೇತನ ಪಡೆದು ಗಂಗೆಯ ದಡದ ಬಿಠೂರಿಗೆ ಹೋದನು. ಒಡೆಯನಿಲ್ಲದ ಮನೆಯಲ್ಲಿ 1821ರ ಅಕ್ಟೋಬರ್ 6ರಂದು ಸಂಸ್ಕೃತ ಪಾಠಶಾಲೆಯೊಂದು ಆರಂಭವಾಯಿತು. ಪೇಶ್ವೆಗಳು ವಿದ್ವಾಂಸರಿಗೆ ಕೊಡುತ್ತಿದ್ದ ದಕ್ಷಿಣೆಯ ನಿಧಿಯನ್ನೇ ಅದರ ಖರ್ಚಿಗೆ ತಿರುಗಿಸಲಾಯಿತು. ಪಾಠಶಾಲೆಯನ್ನು ತೆರೆದವನು ದಖ್ಖನಿನ ಕಮಿಷನರ್ ವಿಲಿಯಂ ಚಾಪ್ಲಿನ್.

ಈ ಹೆಸರು ಬಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಿತ್ತೂರಿನ ಕಥೆ ಕೇಳಿ ಬೆಳೆದವರಿಗೆ ಚಾಪ್ಲಿನ್ ಹೊಸಬನಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಹತನಾದ ಮೇಲೆ, ದೊಡ್ಡ ಸೈನ್ಯದೊಡನೆ ಬಂದು ಡಿಸೆಂಬರಿನಲ್ಲಿ ಆ ಕೋಟೆಯನ್ನು ವಶಪಡಿಸಿಕೊಂಡವನು ಅವನೇ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದಕ್ಕೂ ಮೊದಲು ಅವಳ ಗಂಡ ಮಲ್ಲಸರ್ಜ ದೇಸಾಯಿಯನ್ನು ಪುಣೆಯಲ್ಲಿ ಸೆರೆಯಿಟ್ಟವನು ಇದೇ ವಾಡೆಯ ಒಡೆಯನಾದ ಬಾಜೀರಾವ. ಇಂದು ಕಿತ್ತೂರಿನ ಕೋಟೆಯೊಳಗೆ ಅರಮನೆಯ ಮೋಟುಗೋಡೆಗಳನ್ನು ಮಾತ್ರ ಕಾಣುತ್ತೇವೆ. ಕಾದಾಡಿದವಳ ಮನೆ ಹಾಳುಬಿದ್ದಿತು, ಶರಣಾದವನ ಮನೆ ಉಳಿಯಿತು. ಇದರಲ್ಲಿ ನ್ಯಾಯವನ್ನು ಹುಡುಕಿದರೆ ಸಿಗಲಾರದು. ಆದರೆ ಕಾರಣ ಸಿಗುತ್ತದೆ: ಒಂದು ಮನೆ ಮುಂದೆಯೂ ಜನರ ಬಳಕೆಗೆ ಬೇಕಾಯಿತು, ಇನ್ನೊಂದು ಯಾರಿಗೂ ಬೇಡವಾಯಿತು.

ಬಳಕೆಯ ಬಲ 1879ರಲ್ಲಿ ಕಂಡಿತು. ಆ ವರ್ಷದ ಮೇ ತಿಂಗಳಲ್ಲಿ ಹೊತ್ತಿದ ಬೆಂಕಿಗೆ ಬುಧವಾರವಾಡೆ ಇಲ್ಲವಾಯಿತು. ವಿಶ್ರಾಮಬಾಗಿನ ಒಂದು ಭಾಗವೂ ಸುಟ್ಟಿತು. ಶನಿವಾರವಾಡೆಯ ಒಳಮನೆಗಳು 1828ರ ಬೆಂಕಿಯಲ್ಲಿಯೇ ಬೂದಿಯಾಗಿದ್ದವು. ಅವನ್ನು ಮತ್ತೆ ಯಾರೂ ಕಟ್ಟಲಿಲ್ಲ. ವಿಶ್ರಾಮಬಾಗನ್ನು ಮಾತ್ರ ಊರಿನವರು ಹಣ ಕೂಡಿಸಿ ದುರಸ್ತಿ ಮಾಡಿಸಿದರು. ಮುಂದೆ 1930ರಿಂದ 1959ರವರೆಗೆ ಪುಣೆಯ ನಗರಾಡಳಿತದ ಕಚೇರಿಗಳು ಇಲ್ಲಿದ್ದವು. ದೊರೆಯ ಪಡಸಾಲೆಯಲ್ಲಿ ಸಾಮಾನ್ಯರು ಅರ್ಜಿ ಹಿಡಿದು ಸಾಲುಗಟ್ಟಿ ನಿಂತರು. ಕಚೇರಿಗಳು ಕಂಬಗಳಿಗೆ ಕೊಟ್ಟ ಪೆಟ್ಟೂ ಕಡಿಮೆಯಿರಲಾರದು. ಆದರೂ ಮಾಡು ಸೋರಿದಾಗ ಅದನ್ನು ಸರಿಪಡಿಸುವವರಿದ್ದರು.

ಇಲ್ಲಿ ಹುಟ್ಟಿದ ಪಾಠಶಾಲೆಯೂ ಅಳಿಯಲಿಲ್ಲ. 1851ರಲ್ಲಿ ಅದು ಪೂನಾ ಕಾಲೇಜಾಯಿತು, 1864ರಲ್ಲಿ ಡೆಕ್ಕನ್ ಕಾಲೇಜೆಂಬ ಹೆಸರು ಪಡೆಯಿತು, 1868ರಲ್ಲಿ ನದಿ ದಾಟಿ ಯೆರವಡೆಯ ಕಲ್ಲಿನ ಕಟ್ಟಡಕ್ಕೆ ಬಂದಿತು. ವಿಮಾನ ನಗರದ ನಮಗೆ ಅದು ನೆರೆಯ ಸಂಸ್ಥೆ. ಅಲ್ಲಿಯ ಪುರಾತತ್ತ್ವ ವಿದ್ವಾಂಸರಾದ ಕೆ. ಪದ್ದಯ್ಯನವರು ನಮ್ಮ ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ಶೋಧನೆ ನಡೆಸಿ, ಹಳೆಯ ಶಿಲಾಯುಗದ ಮನುಷ್ಯನ ನೆಲೆಗಳನ್ನು ಬೆಳಕಿಗೆ ತಂದರು. ಚಾಪ್ಲಿನ್ ತೆರೆದ ಶಾಲೆಯ ಫಲದಲ್ಲಿ ಕನ್ನಡ ನಾಡಿಗೂ ಹೀಗೊಂದು ಪಾಲು ಬಂದಿತು.

ಹಿಂದಿರುಗುವಾಗ ನಮ್ಮಲ್ಲೊಬ್ಬರು ತಮ್ಮ ಮನೆತನದ ವಾಡೆಯ ಮಾತು ತೆಗೆದರು. ಅಣ್ಣತಮ್ಮಂದಿರೆಲ್ಲ ಊರು ಬಿಟ್ಟಿದ್ದಾರೆ. ಅಟ್ಟದ ಜಂತಿಗೆ ಗೆದ್ದಲು ಹತ್ತಿದೆ. ಹಳೆಯ ಕಂಬ, ಬಾಗಿಲುವಾಡಗಳಿಗೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಮರದ ವ್ಯಾಪಾರಿಗಳು ಎರಡು ಸಲ ಬಂದುಹೋಗಿದ್ದಾರೆ. ಸಹಿಗೆ ಉಳಿದಿರುವುದು ಇವರದೊಂದೇ. ‘ಮಾರಬೇಡಿ’ ಎನ್ನುವುದು ನಮಗೆ ಸುಲಭ. ಮಾಡು ಹೊದಿಸುವ ಖರ್ಚನ್ನು ನಾವೇನೂ ಕೊಡುವವರಲ್ಲ. ಆದುದರಿಂದ ಬೇರೊಂದು ಪ್ರಶ್ನೆ ಕೇಳಿದೆವು: ಊರಿನಲ್ಲಿ ಜಾಗವಿಲ್ಲದೆ ಪರದಾಡುತ್ತಿರುವುದು ಏನಾದರೂ ಇದೆಯೇ? ಅವರು ತುಸು ಯೋಚಿಸಿ, ಗ್ರಂಥಾಲಯ ಒಂದೇ ಕೋಣೆಯಲ್ಲಿದೆ, ಅಂಗನವಾಡಿಗೆ ಸ್ವಂತ ಕಟ್ಟಡವಿಲ್ಲ ಎಂದರು. ಅಂದು ರಾತ್ರಿ ಊರಿಗೆ ಫೋನು ಮಾಡಿದರಂತೆ. ಸಹಿಯನ್ನು ಇನ್ನೂ ಹಾಕಿಲ್ಲ.